ಕಾರ್ಕಸೋನ್ ಕೋಟೆ: ಬುಡದಿಂದ ನೋಡಬೇಕಾದ ಗೋಡೆ

ಎಲ್ಲರಿಗೂ ನಮಸ್ಕಾರ. ದಕ್ಷಿಣ ಫ್ರಾನ್ಸಿನ ಕಾರ್ಕಸೋನ್ ಕೋಟೆಯ ಚಿತ್ರವನ್ನು ನಿಮ್ಮಲ್ಲಿ ಹಲವರು ನೋಡಿರುತ್ತೀರಿ. ಓಡ್ ನದಿಯ ಬಲದಂಡೆಯ ಗುಡ್ಡ, ಎರಡು ಸುತ್ತಿನ ಗೋಡೆ, 52 ಬುರುಜು, ಅವುಗಳ ನೆತ್ತಿಯಲ್ಲಿ ಚೂಪಾದ ಛಾವಣಿ. ಎರಡೂ ಸುತ್ತು ಸೇರಿ ಗೋಡೆ ಸುಮಾರು 3 ಕಿಲೋಮೀಟರ್ ಉದ್ದ. ಕಣ್ಣು ಮೊದಲು ಹೋಗುವುದು ಛಾವಣಿಯ ಕಡೆಗೇ. ಆದರೆ ಅವೆಲ್ಲ 19ನೇ ಶತಮಾನದಿಂದೀಚೆಗೆ ಕೂರಿಸಿದವು. ಕೋಟೆಯ ಚರಿತ್ರೆ ತಿಳಿಯಬೇಕಿದ್ದರೆ ಗೋಡೆಯ ಬುಡಕ್ಕೆ ಬರಬೇಕು.

ಒಳಸುತ್ತಿನ ಉತ್ತರ ಭಾಗದ ಮುಂದೆ ನಿಂತಿದ್ದೇವೆ ಅಂದುಕೊಳ್ಳಿ. ನಡುಮಟ್ಟದಲ್ಲಿ ಅಂಗೈಯಗಲದ ಚೌಕ ಕಲ್ಲುಗಳ ಸಾಲು, ನಡುನಡುವೆ ಇಟ್ಟಿಗೆಯ ವರಸೆ. ಇದು ರೋಮನ್ ಆಳ್ವಿಕೆಯ ಕೊನೆಗಾಲದ ಕೆಲಸ. ಗೋಡೆಯ ಹೊಟ್ಟೆಯಲ್ಲಿ ಇರುವುದು ಒರಟು ಕಲ್ಲು ಮತ್ತು ಸುಣ್ಣದ ಗಾರೆ. ಇಟ್ಟಿಗೆಯ ವರಸೆ ಮಟ್ಟ ಸರಿಮಾಡಿ ಭಾರವನ್ನು ಸಮನಾಗಿ ಹಂಚುತ್ತದೆ. ಬುರುಜುಗಳು ಕುದುರೆ ಲಾಳದ ಆಕಾರದವು: ಹೊರಗೆ ದುಂಡು, ಒಳಗೆ ಚಪ್ಪಟೆ, ಕೆಳಗೆ ಗಟ್ಟಿ ಭರ್ತಿ. ಈಗ ಇನ್ನೂ ಕೆಳಗೆ ನೋಡಿ. ಅಲ್ಲಿರುವುದು 13ನೇ ಶತಮಾನದ ದೊಡ್ಡ ಕಲ್ಲುಗಳು! ಹೊಸದು ಕೆಳಗೆ, ಸಾವಿರ ವರ್ಷ ಹಳೆಯದು ಮೇಲೆ.

ಹೀಗಾದದ್ದಕ್ಕೆ ಕಾರಣವಿದೆ. ಹೊರಸುತ್ತು ಕಟ್ಟುವಾಗ ಎರಡು ಗೋಡೆಗಳ ನಡುವಿನ ಜಾಗವನ್ನು ಅಗೆದು ತಗ್ಗಿಸಿದರು. ಮಣ್ಣು ಹೋದಾಗ ರೋಮನ್ ತಳಪಾಯ ಬಯಲಿಗೆ ಬಿತ್ತು. ಅದಕ್ಕೆ ಕೆಳಗಿನಿಂದ ಆಸರೆ ಕಟ್ಟಬೇಕಾಯಿತು. ಇಂಥ ಕೆಲಸವನ್ನು ಒಂದೇ ಸಲಕ್ಕೆ ಉದ್ದಕ್ಕೂ ಮಾಡುವಂತಿಲ್ಲ. ಸ್ವಲ್ಪ ಅಗಲ ಬಿಡಿಸಿ, ಮರದ ಆಸರೆ ಕೊಟ್ಟು, ಕಲ್ಲು ಸೇರಿಸಿ, ಮೇಲಿನ ಸಂದನ್ನು ಬಿಗಿಯಾಗಿ ತುಂಬಿ, ಗಾರೆ ಹಿಡಿದ ಮೇಲೆಯೇ ಪಕ್ಕದ ಭಾಗಕ್ಕೆ ಕೈಹಾಕಬೇಕು. ಅವಸರ ಮಾಡಿದರೆ ಮೇಲಿನ ಗೋಡೆ ಕುಸಿದು ಕೂರುತ್ತದೆ, ಬಿರಿಯುತ್ತದೆ, ವಾಲುತ್ತದೆ. ಆ ಹೆಸರಿಲ್ಲದ ಗೌಂಡಿಗಳ ಕೈಚಳಕಕ್ಕೆ ಸಾಕ್ಷಿ ಬೇಕಿಲ್ಲ, ಗೋಡೆ ಇವತ್ತಿಗೂ ನಿಂತಿದೆ.

ಬುಡದ ಬಗ್ಗೆ ಅಷ್ಟು ಎಚ್ಚರ ಬೇಕಾದದ್ದೂ ಸುಮ್ಮನೆ ಅಲ್ಲ. ಕ್ಯಾಥರ್ ಎಂಬ ಕ್ರೈಸ್ತ ಪಂಗಡದ ವಿರುದ್ಧ 1209ರಲ್ಲಿ ನಡೆದ ಧರ್ಮಯುದ್ಧದಲ್ಲಿ, ಕೋಟೆಯ ಒಡೆಯರಾಗಿದ್ದ ಟ್ರಾಂಕಾವೆಲ್ ಮನೆತನ ಅದನ್ನು ಕಳೆದುಕೊಂಡಿತು. 1226ರಲ್ಲಿ ಅದು ಫ್ರೆಂಚ್ ದೊರೆಯ ವಶಕ್ಕೆ ಬಂತು. 1240ರ ಶರತ್ಕಾಲದಲ್ಲಿ ಅದೇ ಮನೆತನದ ರೆಮೋ ಟ್ರಾಂಕಾವೆಲ್ ಅದನ್ನು ಮರಳಿ ಪಡೆಯಲು ಮುತ್ತಿಗೆ ಹಾಕಿದ. ಅವನ ಮುಖ್ಯ ಆಯುಧ ಸುರಂಗ. ಗೋಡೆಯಡಿ ತೋಡಿ, ಮರದ ಕಂಬ ನಿಲ್ಲಿಸಿ, ಕೊನೆಗೆ ಕಂಬಗಳಿಗೆ ಬೆಂಕಿ ಇಟ್ಟರೆ ಮೇಲಿನ ಗೋಡೆ ತನ್ನ ಭಾರಕ್ಕೇ ಕುಸಿಯುತ್ತದೆ. ಕೋಟೆ ಕಾಯುತ್ತಿದ್ದ ರಾಜಾಧಿಕಾರಿ ಗಿಯೋಮ್ ದೆಜೋರ್ಮ್ ರಾಜಮಾತೆ ಬ್ಲಾಂಶಳಿಗೆ ಬರೆದ ವರದಿ ಉಳಿದಿದೆ. ಪೂರ್ವದ ನಾರ್ಬನ್ ಬಾಗಿಲ ಮುಂದಿದ್ದ ಹೊರಗಾವಲಿನ ಕಟ್ಟಡದ ಅಡಿಯಲ್ಲಿ ಅಗೆಯುವ ಸದ್ದು ಕೇಳಿದೊಡನೆ ಕಾವಲಿನವರು ಎದುರು ಸುರಂಗ ತೋಡಿದರು. ಒಳಗಡೆ ಗಾರೆಯಿಲ್ಲದ ಒಣಕಲ್ಲಿನ ಇನ್ನೊಂದು ಗೋಡೆಯನ್ನೂ ಎಬ್ಬಿಸಿದರು. ಹೊರಗಾವಲಿನ ಮುಂಭಾಗ ಬಿದ್ದಾಗ ಈ ಗೋಡೆ ಅಡ್ಡ ನಿಂತಿತು. ಗಾರೆ ಒಣಗಲು ಕಾಯುವಷ್ಟು ಪುರಸೊತ್ತು ಇಲ್ಲದಿದ್ದಾಗ ಅದಕ್ಕಿಂತ ಒಳ್ಳೆಯ ಉಪಾಯ ಇರಲಿಲ್ಲ. ರಾಜನ ಸೈನ್ಯ ಬರುವ ಸುದ್ದಿಗೆ ಟ್ರಾಂಕಾವೆಲ್ ಮುತ್ತಿಗೆ ತೆಗೆದ.

ಆ ಕಾಲದ ಕಟ್ಟಡಗಳನ್ನು ಈ ಹಿನ್ನೆಲೆಯಲ್ಲಿ ನೋಡಿದರೆ ಪ್ರತಿಯೊಂದಕ್ಕೂ ಅರ್ಥ ಬರುತ್ತದೆ. ಹೊರಸುತ್ತು ಒಳಸುತ್ತಿಗಿಂತ ತಗ್ಗು, ಒಳಗಿನ ಬಿಲ್ಲುಗಾರರು ಹೊರಗಿನವರ ತಲೆಯ ಮೇಲಿಂದ ಬಾಣ ಬಿಡಬಹುದು. ಹೊರಗಿನ ಹಲವು ಬುರುಜುಗಳಿಗೆ ಹಿಂಗೋಡೆಯೇ ಇಲ್ಲ. ಶತ್ರು ಹಿಡಿದರೂ ಅವನಿಗೆ ಮರೆ ಸಿಗದು. ಫ್ರೆಂಚ್ ದೊರೆ ಮೂರನೇ ಫಿಲಿಪ್‌ನ ಕಾಲದ ನಾರ್ಬನ್ ಹೆಬ್ಬಾಗಿಲಿನ ಜೋಡಿ ಬುರುಜುಗಳಿಗೆ ಹಡಗಿನ ಮೂತಿಯಂಥ ಚೂಪು ಇದೆ. ದುಂಡು ಬುರುಜಿನ ನೇರ ಮುಂದೆ ಪಕ್ಕದಿಂದ ಬಾಣ ತಾಗದ ಸಣ್ಣ ಮರೆ ಉಳಿಯುತ್ತದೆ, ಅಗೆಯುವವನು ಹುಡುಕುವುದು ಅದನ್ನೇ. ಮೂತಿ ಆ ಮರೆಯನ್ನು ಕಲ್ಲಿನಿಂದ ತುಂಬುತ್ತದೆ. ಕಲ್ಲುಗಳ ಮುಖವನ್ನು ಇಲ್ಲಿ ಉಬ್ಬಾಗಿ ಬಿಟ್ಟಿದ್ದಾರೆ. ಏಟಿನ ಬಲ ತಗ್ಗಿಸಲು ಎನ್ನುವವರಿದ್ದಾರೆ. ನನಗೆ ಅದರಲ್ಲಿ ದೊರೆಯ ಗತ್ತೇ ಹೆಚ್ಚಾಗಿ ಕಾಣುತ್ತದೆ. ಅದೇನೇ ಇರಲಿ, ಉಬ್ಬು ಕಲ್ಲು ಕಂಡರೆ 13ನೇ ಶತಮಾನದ ಕೊನೆ ಎಂದು ಗುರುತಿಸಬಹುದು.

ಫ್ರಾನ್ಸ್ ಮತ್ತು ಸ್ಪೇನ್ ನಡುವಿನ 1659ರ ಪಿರನೀಸ್ ಒಪ್ಪಂದದಿಂದ ಸ್ಪೇನಿನ ಗಡಿ ದಕ್ಷಿಣಕ್ಕೆ ಸರಿಯಿತು, ಕೋಟೆಗೆ ಕೆಲಸವಿಲ್ಲದಾಯಿತು. ಬಡವರು ಗೋಡೆಗೆ ಆತು ಮನೆ ಕಟ್ಟಿಕೊಂಡರು. 19ನೇ ಶತಮಾನದ ನಡುವೆ ಸರ್ಕಾರ ಕೆಡವಲು ಹೊರಟಾಗ ಸ್ಥಳೀಯ ಇತಿಹಾಸಕಾರ ಕ್ರೋ-ಮೇರ್ವಿಯೆಯ್, ಸ್ಮಾರಕಗಳ ಅಧಿಕಾರಿಯಾಗಿದ್ದ ಪ್ರೊಸ್ಪೆರ್ ಮೆರಿಮೆ ತಡೆದರು. 1853ರಲ್ಲಿ ವಾಸ್ತುಶಿಲ್ಪಿ ವಿಯೊಲೆ-ಲ್-ದ್ಯುಕ್ ದುರಸ್ತಿ ಆರಂಭಿಸಿದ. ಕರಿಹಲಗೆಗಲ್ಲಿನ (ಸ್ಲೇಟಿನ) ಕಡಿದಾದ ಛಾವಣಿ ಹಾಕಿದ್ದಕ್ಕೆ ಅವನನ್ನು ಬೈದವರು ಬಹಳ. ಆ ಸೀಮೆಯ ಬಾಗುಹೆಂಚು ಮೊಳೆಯಿಲ್ಲದೆ ಕೂರುವಂಥದ್ದು, ಇಳಿಜಾರು ಹೆಚ್ಚಾದರೆ ಜಾರುತ್ತದೆ. ಹಲಗೆಗಲ್ಲನ್ನು ಮರಕ್ಕೆ ಬಿಗಿಯಬಹುದು, ಆದ್ದರಿಂದ ಅದಕ್ಕೆ ಕಡಿದಾದ ಛಾವಣಿ ಒಗ್ಗುತ್ತದೆ. ಹೀಗೆ ವಸ್ತು ಬದಲಾದರೆ ಬುರುಜಿನ ಆಕಾರವೇ ಬದಲಾಗುತ್ತದೆ. ರೋಮನ್ ಬುರುಜುಗಳ ಮೇಲಂತೂ ಅದು ತಪ್ಪೇ. 20ನೇ ಶತಮಾನದಲ್ಲಿ ಕೆಲವಕ್ಕೆ ತಗ್ಗು ಹೆಂಚಿನ ಛಾವಣಿ ಬಂತು. ಆದರೂ ಛಾವಣಿ ಮಳೆನೀರನ್ನು ಗೋಡೆಯ ಹೊಟ್ಟೆಗೆ ಇಳಿಯದಂತೆ ತಡೆದದ್ದನ್ನು ಮರೆಯಬಾರದು. ನೀರು ಇಳಿದರೆ ಗಾರೆಯ ಸುಣ್ಣ ಕರಗಿ ಹೋಗುತ್ತದೆ. ಸಂದಿಗೆ ಸಿಮೆಂಟು ಮೆತ್ತಿದರೆ ಇನ್ನೂ ಕೇಡು: ಒಳಗಿನ ತೇವ ಸಂದಿಯಿಂದ ಹೊರಬರಲಾಗದೆ ಮೆದು ಮರಳುಗಲ್ಲಿನ ಮೂಲಕವೇ ಬಂದು, ಕಲ್ಲಿನ ಮುಖ ಪದರ ಪದರವಾಗಿ ಉದುರುತ್ತದೆ.

ಹೋಗುವವರಿಗೆ ಒಂದು ಮಾತು. ಕೋಟೆಯೊಳಗಿನ ಅರಮನೆಗೂ ಗೋಡೆಯ ಮೇಲಿನ ದಾರಿಗೂ ಟಿಕೆಟ್ ಬೇಕು, ಎರಡು ಗೋಡೆಗಳ ನಡುವಿನ ಜಾಗಕ್ಕೆ ಬೇಡ. ನಾರ್ಬನ್ ಹೆಬ್ಬಾಗಿಲ ಮುಂದೆ ಬಲಕ್ಕೆ ತಿರುಗಿದರೆ ಉತ್ತರದ ರೋಮನ್ ಭಾಗ ಸಿಗುತ್ತದೆ. ಒಳಗೆ ಸಾಂ-ನಜೇರ್ ಚರ್ಚಿನ ಹಳೆಯ ಅಂಗಳದ ಜಾಗದಲ್ಲಿ 1908ರಿಂದ ಬಯಲು ರಂಗಮಂದಿರವಿದೆ. ಬೇಸಿಗೆಯಲ್ಲಿ ಹೋದರೆ ಅಲ್ಲಿನ ಪ್ರದರ್ಶನಗಳ ಪಟ್ಟಿಯನ್ನು ಮೊದಲೇ ನೋಡಿಕೊಳ್ಳಿ.