ಬ್ಯಾಟರಿ ಎಳೆದಷ್ಟೇ ಕರೆಂಟು

ಕೇಳುಗರಿಗೆ ನಮಸ್ಕಾರ. ಅಮೆರಿಕದಲ್ಲಿರುವ ನಮ್ಮವರು ಎಷ್ಟೋ ಮಂದಿ ಬೇಸಿಗೆ ರಜೆಯಲ್ಲಿ ಆರ್‌ವಿ, ಅಂದರೆ ಅಡುಗೆಮನೆ, ಹಾಸಿಗೆ, ಬಚ್ಚಲು ಎಲ್ಲ ಇರುವ ಗಾಡಿ ಹಿಡಿದು ಯೆಲ್ಲೊಸ್ಟೋನ್ ಕಡೆ ಹೊರಡುತ್ತಾರೆ. ಆ ಉದ್ಯಾನದೊಳಗೆ ಗಾಡಿಗೆ ಕರೆಂಟು ಸಿಗುವ ಬಿಡಾರ ಫಿಶಿಂಗ್ ಬ್ರಿಜ್ ಒಂದೇ. ಉಳಿದೆಡೆ ದೀಪ, ನೀರಿನ ಪಂಪು, ಹೀಟರಿನ ಫ್ಯಾನು ಎಲ್ಲದಕ್ಕೂ 12 ವೋಲ್ಟಿನ ಬ್ಯಾಟರಿಯೇ ಗತಿ.

ಬಿಡಾರದ ಕಂಬದಿಂದಲೋ ಜನರೇಟರಿನಿಂದಲೋ ಬರುವುದು 120 ವೋಲ್ಟಿನ ಎಸಿ, ಅಂದರೆ ದಿಕ್ಕು ಬದಲಿಸುತ್ತಲೇ ಇರುವ ಕರೆಂಟು. ಅದರ ವೋಲ್ಟೇಜ್ ಇಳಿಸಿ ಡಿಸಿ, ಅಂದರೆ ಬ್ಯಾಟರಿಯದರಂತೆ ಒಂದೇ ದಿಕ್ಕಿನ ಕರೆಂಟು ಮಾಡುವ ಪೆಟ್ಟಿಗೆ ಕನ್ವರ್ಟರ್. ದೀಪ, ಪಂಪುಗಳನ್ನು ನಡೆಸುತ್ತಲೇ ಅದು ಬ್ಯಾಟರಿಯನ್ನೂ ತುಂಬಿಸುತ್ತದೆ.

ಲೆಕ್ಕ ತಪ್ಪುವುದು ಇಲ್ಲೇ. ಪೆಟ್ಟಿಗೆಯ ಮೇಲೆ 55 ಆಂಪಿಯರ್ ಎಂದಿದೆ, 100 ಆಂಪಿಯರ್-ಅವರ್ (ಆಂಪಿಯರನ್ನು ಗಂಟೆಯಿಂದ ಗುಣಿಸಿದ ಅಳತೆ) ಬ್ಯಾಟರಿ ಅರ್ಧ ಖಾಲಿಯಾಗಿದೆ, ಅಂದರೆ 50 ತುಂಬಬೇಕು. ಒಂದು ಗಂಟೆಯಲ್ಲಿ ತುಂಬಬೇಕಲ್ಲವೇ? ತುಂಬುವುದಿಲ್ಲ. 55 ಎನ್ನುವುದು ಕನ್ವರ್ಟರ್ ಕೊಡಬಲ್ಲ ಗರಿಷ್ಠ ಮಾತ್ರ. ಅದು ಹಿಡಿದು ನಿಲ್ಲಿಸುವುದು ವೋಲ್ಟೇಜನ್ನು. ಎಷ್ಟು ಕರೆಂಟು ಎಳೆಯಬೇಕೆಂಬುದು ಬ್ಯಾಟರಿಗೆ ಬಿಟ್ಟದ್ದು. ಬ್ಯಾಟರಿ ತುಂಬುತ್ತ ಹೋದಂತೆ ಅದರ ವೋಲ್ಟೇಜೂ ಏರಿ, ಕನ್ವರ್ಟರಿನ ವೋಲ್ಟೇಜಿಗೂ ಅದಕ್ಕೂ ನಡುವಿನ ಅಂತರ ಕುಗ್ಗಿ, ಕರೆಂಟು ಇಳಿಯುತ್ತದೆ. ಲೆಡ್-ಆಸಿಡ್ ಬ್ಯಾಟರಿಯ ಕೊನೆಯ ಐದನೇ ಒಂದು ಭಾಗ ತುಂಬಲು ಹಲವು ಗಂಟೆಗಳೇ ಬೇಕು.

ಹಳೆಯ ಕನ್ವರ್ಟರುಗಳಲ್ಲಿ ಅನೇಕವು ಸುಮಾರು 13.6 ವೋಲ್ಟಿನಲ್ಲೇ ನಿಂತುಬಿಡುತ್ತವೆ. ಅದರಿಂದ ಬ್ಯಾಟರಿ ತುಂಬುವುದೇನೋ ನಿಜ, ಆದರೆ ಒಂದು ರಾತ್ರಿ ಸಾಲದು. ಹೊಸವು ಮೂರು ಹಂತದವು: ಮೊದಲು 14.4, ಆಮೇಲೆ 13.6, ಗಾಡಿ ಸುಮ್ಮನೆ ನಿಂತಿದ್ದರೆ 13.2. ಉದ್ಯಾನಗಳಲ್ಲಿ ಜನರೇಟರ್ ನಡೆಸಲು ಗೊತ್ತಾದ ಗಂಟೆಗಳಿರುತ್ತವೆ. ಆ ಹೊತ್ತಿನಲ್ಲಿ 14.4 ವೋಲ್ಟಿನಿಂದ ಒಳಗೆ ಹೋಗುವಷ್ಟು ಕರೆಂಟು 13.6ರಿಂದ ಹೋಗುವುದಿಲ್ಲ. ಅದಕ್ಕೇ ಹಳೆಯ ಗಾಡಿ ಕೊಂಡವರಿಗೆ ನಾನು ಹೇಳುವುದು, ಸೋಲಾರ್ ಹಾಕಿಸುವ ಮೊದಲು ಕನ್ವರ್ಟರ್ ಬದಲಿಸಿ.

ಹಾಗಂತ 14.4ರಲ್ಲೇ ಬಿಟ್ಟರೆ ಬ್ಯಾಟರಿಯೊಳಗಿನ ನೀರು ಅನಿಲವಾಗಿ ಹೋಗುತ್ತದೆ. ನಮ್ಮೂರ ಮನೆಗಳ ಯುಪಿಎಸ್ ಬ್ಯಾಟರಿಗೆ ಹಾಕುವಂತೆ ಇದಕ್ಕೂ ಆಗಾಗ ಡಿಸ್ಟಿಲ್ಡ್ ವಾಟರ್ ಬೇಕು. ಅರೆಬರೆ ತುಂಬಿ ವಾರಗಟ್ಟಲೆ ಬಿಟ್ಟರೋ, ಒಳಗಿನ ಸೀಸದ ಫಲಕಗಳ ಮೇಲಿನ ಲೆಡ್ ಸಲ್ಫೇಟ್ ಗಟ್ಟಿಯಾಗಿ ಬ್ಯಾಟರಿಯ ಶಕ್ತಿಯೇ ಕುಗ್ಗುತ್ತದೆ. ಬಳಸದೆ ನಿಂತ ಗಾಡಿಯಲ್ಲೂ ಗ್ಯಾಸ್ ಸೋರಿಕೆ ಪತ್ತೆಯ ಯಂತ್ರ ಸದಾ ಒಂದಿಷ್ಟು ಕರೆಂಟು ಹೀರಿ ಬ್ಯಾಟರಿಯನ್ನು ಇಳಿಸುತ್ತಲೇ ಇರುತ್ತದೆ.

ಲಿಥಿಯಂ ಬ್ಯಾಟರಿ ಹಾಕಿದವರು ಅದಕ್ಕೆ ಹೊಂದುವ ಕನ್ವರ್ಟರನ್ನೇ ಹಾಕಿಸಿ. ಸೊನ್ನೆ ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಆ ಬ್ಯಾಟರಿಯನ್ನು ಚಾರ್ಜ್ ಮಾಡಬಾರದು.

ಚಾರ್ಜ್ ಆಗುತ್ತಿದೆಯೇ ಎಂದು ತಿಳಿಯಲು ವೋಲ್ಟೇಜ್ ಅಳೆಯುವ ಒಂದು ಮಲ್ಟಿಮೀಟರ್ ಸಾಕು. ಪ್ಲಗ್ ಹಾಕುವ ಮೊದಲು ಬ್ಯಾಟರಿಯ ಎರಡು ತುದಿಗಳಿಗೆ ಹಿಡಿದು ನೋಡಿ. ವಿಶ್ರಾಂತಿಯಲ್ಲಿರುವ ತುಂಬಿದ ಲೆಡ್-ಆಸಿಡ್ ಬ್ಯಾಟರಿ ಸುಮಾರು 12.6 ತೋರಿಸುತ್ತದೆ, ಅರ್ಧ ಖಾಲಿಯಾದದ್ದು 12.1ರ ಆಸುಪಾಸು. ಪ್ಲಗ್ ಹಾಕಿದ ಮೇಲೆ ಅದು 13 ದಾಟಿ ಏರಬೇಕು. ಏರದಿದ್ದರೆ ಮೊದಲು ಬ್ಯಾಟರಿಯನ್ನು ಗಾಡಿಯ ತಂತಿಗಳಿಂದ ಬೇರ್ಪಡಿಸುವ ಡಿಸ್ಕನೆಕ್ಟ್ ಸ್ವಿಚ್ ನೋಡಿ. ಅದು ಆಫ್ ಆಗಿದ್ದರೆ ಒಳಗೆ ದೀಪಗಳು ಚೆನ್ನಾಗಿಯೇ ಉರಿಯಬಹುದು, ಬ್ಯಾಟರಿಗೆ ಮಾತ್ರ ಏನೂ ಹೋಗದು. ಸ್ವಿಚ್ ಸರಿಯಿದ್ದರೆ ಕನ್ವರ್ಟರಿನ ರಿವರ್ಸ್ ಪೋಲಾರಿಟಿ ಫ್ಯೂಸುಗಳನ್ನು ಪರೀಕ್ಷಿಸಿ. ಯಾವಾಗಲಾದರೂ ಬ್ಯಾಟರಿಯ ತಂತಿಗಳನ್ನು ಅದಲುಬದಲಾಗಿ ಜೋಡಿಸಿದ್ದರೆ ಅವು ಸುಟ್ಟಿರುತ್ತವೆ. ಫ್ಯೂಸು ತೆಗೆಯುವ ಮುನ್ನ ಕಂಬದ ಪ್ಲಗ್ ಕಿತ್ತು, ಬ್ಯಾಟರಿಯ ತಂತಿಯನ್ನೂ ಬಿಡಿಸಿಡಿ. ನಮಸ್ಕಾರ.