ನೀವು ವಾಪಸ್ ಬಂದ ಮೇಲೆ ಆ ಕ್ಲಾಸ್ ಯಾರದು?

ಎಲ್ಲರಿಗೂ ನಮಸ್ಕಾರ. ಡಿಗ್ರಿ, ಬಿಎಡ್ ಮುಗಿಸಿದವರು ತುಂಬಾ ಜನ ಕೂತಿದ್ದೀರಿ. ಹಿಂದಿನ ಸಾಲಲ್ಲಿ ನನ್ನ ಹಾಗೆ ರಿಟೈರ್ ಆದ ಮೇಷ್ಟ್ರುಗಳೂ ಕಾಣುತ್ತಿದ್ದಾರೆ. ಆಫ್ರಿಕಾದ ಮಿಷನ್ ಶಾಲೆಯಲ್ಲಿ ಸ್ವಲ್ಪ ಕಾಲ ಪಾಠ ಮಾಡಿ ಬರೋಣ ಎಂಬ ಆಸೆ ಇರುವವರಿಗಾಗಿ ಈ ಸಭೆ. ಆಫ್ರಿಕಾದಲ್ಲಿ ಐವತ್ತಕ್ಕೂ ಜಾಸ್ತಿ ದೇಶಗಳಿವೆ. ನಾನು ಕಂಡದ್ದು ಘಾನಾದ ಅಕ್ವಾಪಿಮ್ ಎಂಬ ಒಂದು ಗುಡ್ಡಸಾಲು. ಅದರ ವಿಷಯ ಮಾತ್ರ ಹೇಳುತ್ತೇನೆ.

ಆ ಗುಡ್ಡಕ್ಕೂ ನಮ್ಮ ಮಂಗಳೂರಿಗೂ ಹಳೇ ನಂಟು ಉಂಟು. ಸ್ವಿಟ್ಜರ್ಲೆಂಡಿನಿಂದ ಬಂದ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯ ಹೆಸರು ನಮ್ಮ ಕರಾವಳಿಯಲ್ಲಿ ಯಾರಿಗೆ ಗೊತ್ತಿಲ್ಲ? ಹೆಂಚು, ಪ್ರೆಸ್ಸು, ಶಾಲೆ, ಕೊನೆಗೆ ಕಿಟೆಲ್ ಕೋಶ. ಅವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಅದಕ್ಕೂ ಮೊದಲೇ, 1828ರ ಡಿಸೆಂಬರಿನಲ್ಲಿ, ಅವರ ಕಡೆಯ ನಾಲ್ವರು ಘಾನಾದ ತೀರದಲ್ಲಿ ಇಳಿದಿದ್ದರು. ಆಗ ಆ ದೇಶವನ್ನು ಗೋಲ್ಡ್ ಕೋಸ್ಟ್ ಎನ್ನುತ್ತಿದ್ದರು. ವರ್ಷ ತುಂಬುವ ಮೊದಲೇ ಮೂವರು ತೀರಿಕೊಂಡರು. ನಾಲ್ಕನೆಯವರು 1831ರಲ್ಲಿ ತೀರಿಕೊಂಡರು. ಮರುವರ್ಷ ಬಂದ ಮೂವರಲ್ಲಿ ಉಳಿದದ್ದು ಆಂಡ್ರಿಯಾಸ್ ರೀಸ್ ಒಬ್ಬರೇ. ಅವರನ್ನು ಬದುಕಿಸಿದ್ದು ಊರಿನ ನಾಟಿ ವೈದ್ಯರು ಅಂತಾರೆ. ಈ ರೀಸ್ 1835ರಲ್ಲಿ ಗುಡ್ಡ ಹತ್ತಿ ಅಕ್ರೊಪಾಂಗ್ ಎಂಬ ಊರು ಸೇರಿದರು.

ಯುರೋಪಿನಿಂದ ಜನ ಕಳಿಸಿದಷ್ಟೂ ಗೋರಿಗಳೇ ಜಾಸ್ತಿಯಾದವು. ಆಗ ಮಿಷನ್‌ನವರು ಬೇರೆ ದಾರಿ ನೋಡಿದರು. 1843ರಲ್ಲಿ ಜಮೈಕಾ ಮತ್ತು ಆಂಟಿಗುವಾದಿಂದ ಕೆಲವು ಕ್ರೈಸ್ತ ಕುಟುಂಬಗಳನ್ನು ಕರೆತಂದರು. ಅವರೆಲ್ಲ ಗುಲಾಮರಾಗಿ ಹಡಗು ಹತ್ತಿದ ಆಫ್ರಿಕನ್ನರ ಸಂತತಿ. ಆ ಗುಡ್ಡಕ್ಕೆ ಮಾವು ತಂದದ್ದೂ ಇವರೇ ಎಂದು ಊರಲ್ಲಿ ಹೇಳುತ್ತಾರೆ. ನಮ್ಮ ಮಾವು ಜಮೈಕಾ ಸುತ್ತಿ ಅಕ್ರೊಪಾಂಗ್‌ಗೆ ಹೋಗಿದೆ ನೋಡಿ!

ಆದರೆ ನನಗೆ ದೊಡ್ಡದಾಗಿ ಕಂಡದ್ದು 1848. ಆ ವರ್ಷ ಅಕ್ರೊಪಾಂಗ್‌ನಲ್ಲಿ ಮೇಷ್ಟ್ರುಗಳನ್ನು ತಯಾರು ಮಾಡುವ ಶಾಲೆ ಶುರುವಾಯಿತು. ಊರಿನ ಹುಡುಗರೇ ಅಲ್ಲಿ ಕಲಿತು ಮೇಷ್ಟ್ರಾದರು. ಅಲ್ಲಿ ಪಾಠ ಮಾಡಿದ ಕ್ರಿಸ್ಟಾಲರ್ ಎಂಬವರು 1875ರಲ್ಲಿ ಆ ಊರಿನವರ ಟ್ವಿ ಭಾಷೆಯ ವ್ಯಾಕರಣ, 1881ರಲ್ಲಿ ನಿಘಂಟು ತಂದರು. ಅಲ್ಲಿನ ಕಿಟೆಲ್ ಅನ್ನಿ. ಆ ಕಾಲೇಜು ಈಗಲೂ ನಡೆಯುತ್ತಿದೆ.

ಅದರ ಬೆಲೆ ಗೊತ್ತಾದದ್ದು ಮೊದಲ ಮಹಾಯುದ್ಧದಲ್ಲಿ. ಶತ್ರು ದೇಶ ಜರ್ಮನಿಯ ನಂಟಿನವರು ಎಂದು 1917ರಲ್ಲಿ ಬ್ರಿಟಿಷರು ಬಾಸೆಲ್ ಮಿಷನ್‌ನವರನ್ನು ಗೋಲ್ಡ್ ಕೋಸ್ಟ್‌ನಿಂದ ಹೊರಗೆ ಹಾಕಿದರು. ಇಲ್ಲಿ ಮಂಗಳೂರಲ್ಲೂ ಜರ್ಮನ್ ಪಾದ್ರಿಗಳಿಗೆ ಅದೇ ಗತಿಯಾಯಿತು, ನಿಮಗೆ ಗೊತ್ತಿರುತ್ತೆ. ಬಿಳಿಯರು ಹೋದರೂ ಗುಡ್ಡದ ಶಾಲೆಗಳು ನಿಲ್ಲಲಿಲ್ಲ. ಪಾಠ ಮಾಡುತ್ತಿದ್ದವರು ಊರಿನವರೇ ಅಲ್ವಾ? 1918ರಲ್ಲಿ ಅವರೇ ಸಭೆ ಸೇರಿ ಚರ್ಚಿನ ಆಡಳಿತ ಕೈಗೆ ತಗೊಂಡರು. ಅದರ ಮೊದಲ ಮುಖ್ಯಸ್ಥ ಪೀಟರ್ ಹಾಲ್, 1843ರಲ್ಲಿ ಬಂದ ಒಬ್ಬ ಜಮೈಕಾದವರ ಮಗ.

ಇಷ್ಟೆಲ್ಲ ಇತಿಹಾಸ ಯಾಕೆ ಅಂದರೆ, ನಾವು ಇಲ್ಲಿಂದ ಹೊರಡುವಾಗ 'ಪಾಪ, ಅಲ್ಲಿ ಪಾಠ ಮಾಡೋರು ಯಾರೂ ಇಲ್ಲ' ಅಂದುಕೊಂಡು ಹೋಗುತ್ತೇವೆ. ಅಲ್ಲಿ ಇದ್ದಾರೆ. ಟ್ರೇನಿಂಗ್ ಮುಗಿಸಿ ಪೋಸ್ಟಿಂಗ್‌ಗೆ ಕಾಯುತ್ತಿರುವ ಹುಡುಗರೇ ಎಷ್ಟೋ ಜನ. ಘಾನಾದ ಮೊದಲ ಅಧ್ಯಕ್ಷ ಎನ್‌ಕ್ರುಮಾ ಕೂಡ ಮೊದಲು ಕ್ಯಾಥೊಲಿಕ್ ಶಾಲೆಯ ಮೇಷ್ಟ್ರಾಗಿದ್ದವರು.

ಈಗ ಕ್ಲಾಸಿನ ಒಳಗೆ ಬನ್ನಿ. ಬೆಳಿಗ್ಗೆ ಮಕ್ಕಳು ಅಂಗಳದಲ್ಲಿ ಸಾಲಾಗಿ ನಿಲ್ಲುತ್ತಾರೆ. ಪ್ರಾರ್ಥನೆ ಮುಗಿದ ಮೇಲೆ ಡೋಲು ಬಡಿಯುತ್ತಾರೆ, ಅದರ ತಾಳಕ್ಕೆ ಹೆಜ್ಜೆ ಹಾಕುತ್ತಾ ಒಳಗೆ ಬರುತ್ತಾರೆ. ಹುಲ್ಲು ಬೆಳೆದ ಕಾಲದಲ್ಲಿ ಕೆಲವರ ಕೈಯಲ್ಲಿ ಕತ್ತಿ ಇರುತ್ತೆ. ಹೆದರಬೇಡಿ. ಶಾಲೆಯ ಸುತ್ತ ಹುಲ್ಲು ಸವರುವುದು ಮಕ್ಕಳ ಕೆಲಸ.

ಅಲ್ಲಿ ಮೊದಲ ಮೂರು ಕ್ಲಾಸು ಊರಿನ ಭಾಷೆಯಲ್ಲಿ ನಡೆಯುತ್ತೆ, ನಾಲ್ಕರಿಂದ ಇಂಗ್ಲಿಷು. ಕನ್ನಡ ಮೀಡಿಯಂ ಹುಡುಗರು ಪಿಯುಸಿ ಸೈನ್ಸ್‌ಗೆ ಬಂದಾಗ ಒದ್ದಾಡುವುದನ್ನು ನೋಡಿದ್ದೀರಲ್ಲ, ಅದನ್ನು ಒಂಬತ್ತು ವರ್ಷದ ಮಗು ಪಡುತ್ತೆ. ನಾಲ್ಕನೇ ಕ್ಲಾಸಿನ ಬೋರ್ಡಿನ ಮೇಲೆ ನಾನೊಂದು ಲೆಕ್ಕ ಬರೆದೆ. ಒಬ್ಬಳ ಹತ್ತಿರ ಇಪ್ಪತ್ತನಾಲ್ಕು ಕಿತ್ತಳೆ ಇದೆ, ಮೂರರಲ್ಲಿ ಒಂದು ಪಾಲು ಮಾರಿದಳು, ಉಳಿದದ್ದೆಷ್ಟು? ಇಂಗ್ಲಿಷಲ್ಲಿ ನಿಧಾನವಾಗಿ ಎರಡು ಸಲ ಓದಿದೆ. ಎಲ್ಲರೂ ಸುಮ್ನೆ ನನ್ನ ಮುಖ ನೋಡುತ್ತಿದ್ದರು. ಹಿಂದೆ ಕೂತು ನೋಟ್‌ಬುಕ್ ತಿದ್ದುತ್ತಿದ್ದ ಕ್ಲಾಸ್ ಟೀಚರ್ ಎದ್ದು ಬಂದರು. ಟ್ವಿಯಲ್ಲಿ ಎರಡೇ ಮಾತು ಹೇಳಿದರು. ಹೇಳುವಾಗ ಕೈಯಲ್ಲಿ ಕಿತ್ತಳೆಯ ಹಸಿರು ಸಿಪ್ಪೆ ಹೆರೆದ ಹಾಗೆ ಮಾಡಿದರು. ಅಲ್ಲಿ ರಸ್ತೆ ಬದಿಯಲ್ಲಿ ಕಿತ್ತಳೆ ಮಾರುವುದು ಹಾಗೆ, ಹೊರಗಿನ ತೆಳು ಸಿಪ್ಪೆ ಹೆರೆದು, ತಲೆ ಕೊಯ್ದು ಕೊಡುತ್ತಾರೆ, ನಾವು ಹಿಂಡಿ ಹೀರಬೇಕು. ಅವರ ಮಾತು ಮುಗಿಯುವ ಮೊದಲೇ ಅರ್ಧ ಕ್ಲಾಸು ಕೈ ಎತ್ತಿತು. ಭಿನ್ನರಾಶಿ ಮಕ್ಕಳಿಗೆ ಬರುತ್ತಿತ್ತು. ನಾನು ಬರೆದ ಇಂಗ್ಲಿಷು ಅಡ್ಡ ನಿಂತಿತ್ತು, ಅಷ್ಟೆ.

ಆಮೇಲೆ ನನ್ನ ಕೆಲಸ ಬದಲಾಯಿತು. ಆ ಟೀಚರಮ್ಮನೇ ಬದಲಾಯಿಸಿದರು ಅನ್ನಬೇಕು. ಚಿಕ್ಕ ಕ್ಲಾಸು ತಮಗೆ ಬಿಡಿ ಅಂದರು. ಜೂನಿಯರ್ ಹೈ ಮೂರನೇ ವರ್ಷದ, ಅಂದರೆ ನಮ್ಮ ಒಂಬತ್ತನೇ ಕ್ಲಾಸಿನ ಮಟ್ಟದ ಮಕ್ಕಳಿಗೆ ಪಬ್ಲಿಕ್ ಪರೀಕ್ಷೆ ಇರುತ್ತೆ, ನಮ್ಮ ಎಸ್ಸೆಸ್ಸೆಲ್ಸಿಯಷ್ಟೇ ಭಯ. ಸಂಜೆ ಅವರಲ್ಲಿ ಹಿಂದುಳಿದವರಿಗೆ ಗಣಿತ ಹೇಳಿಕೊಡುತ್ತಿದ್ದೆ. ಅದಾದ ಮೇಲೆ ಇಬ್ಬರು ಹೊಸ ಮೇಷ್ಟ್ರುಗಳ ಜೊತೆ ಕೂತು ಮುಂದಿನ ವಾರದ ಪಾಠ ತಯಾರು ಮಾಡುತ್ತಿದ್ದೆವು. ನನ್ನನ್ನು ಕೇಳಿದರೆ, ಅಲ್ಲಿ ನಾನು ಮಾಡಿದ್ದರಲ್ಲಿ ಉಪಯೋಗಕ್ಕೆ ಬಂದದ್ದು ಈ ಕೊನೆಯದೇ. ಆ ಇಬ್ಬರು ಇನ್ನೂ ಅಲ್ಲೇ ಇದ್ದಾರಲ್ಲ.

ಎರಡು ವಾರಕ್ಕೆ ಹೋಗಿ, ಚಿಕ್ಕ ಮಕ್ಕಳನ್ನು ಎತ್ತಿಕೊಂಡು ಫೋಟೋ ಹಾಕುವವರ ಬಗ್ಗೆ ನನಗೆ ಸ್ವಲ್ಪ ಕೋಪ ಇದೆ, ಮುಚ್ಚಿಡುವುದಿಲ್ಲ. ನಿಮ್ಮ ಊರಿನ ಶಾಲೆಗೆ ಯಾರೋ ಬಂದು ನಿಮ್ಮ ಮಗಳ ಫೋಟೋ ಹಾಗೆ ಹಾಕಿದರೆ ಒಪ್ಪುತ್ತೀರಾ?

ಧರ್ಮದ ವಿಷಯ ಕೆಲವರು ಆಗಲೇ ಚೀಟಿಯಲ್ಲಿ ಕೇಳಿದ್ದೀರಿ. ಘಾನಾದಲ್ಲಿ ಶಾಲೆಯ ಬೋರ್ಡಿನ ಮೇಲೆ ಚರ್ಚಿನ ಹೆಸರಿದ್ದರೂ ಮೇಷ್ಟ್ರಿಗೆ ಸಂಬಳ ಕೊಡುವುದು ಬಹಳ ಕಡೆ ಸರ್ಕಾರ. ನಮ್ಮ ಅನುದಾನಿತ ಶಾಲೆಗಳ ಹಾಗೆ. 2021ರ ಜನಗಣತಿ ಪ್ರಕಾರ ಅಲ್ಲಿ ಐದರಲ್ಲಿ ಒಬ್ಬರು ಮುಸ್ಲಿಮರು, ಅವರ ಮಕ್ಕಳೂ ಅದೇ ಬೆಂಚಿನಲ್ಲಿ ಕೂರುತ್ತಾರೆ. ಬೆಳಗಿನ ಪ್ರಾರ್ಥನೆಯಲ್ಲಿ ನಿಲ್ಲುವುದು ಮರ್ಯಾದೆ, ನಿಲ್ಲಿ. ಗಣಿತದ ಪೀರಿಯಡ್‌ನಲ್ಲಿ ಗಣಿತ ಮಾಡಿ. ಕೆಲವು ಮಿಷನ್‌ಗಳು ನೀವು ಕ್ರೈಸ್ತರೇ ಆಗಿರಬೇಕು ಅನ್ನುತ್ತವೆ, ಕೆಲವು ಅನ್ನುವುದಿಲ್ಲ. ಮೊದಲೇ ಕೇಳಿಕೊಳ್ಳಿ.

ಕರೆಸುವ ಸಂಸ್ಥೆಯನ್ನು ಇನ್ನೊಂದು ಕೇಳಿ: ನಾನು ಬರುವ ಮೊದಲು ಈ ಕ್ಲಾಸ್ ಯಾರು ತಗೊಳ್ಳುತ್ತಿದ್ದರು, ನಾನು ಹೋದ ಮೇಲೆ ಯಾರು ತಗೊಳ್ಳುತ್ತಾರೆ? ನೇರ ಉತ್ತರ ಬರದಿದ್ದರೆ ಅಲ್ಲಿಗೆ ಹೋಗಬೇಡಿ. ನೀವು ಕಟ್ಟುವ ದುಡ್ಡಿನಲ್ಲಿ ಶಾಲೆಗೆ ಸೇರುವುದೆಷ್ಟು, ನಡುವಿನ ಆಫೀಸಿಗೆ ಎಷ್ಟು ಅಂತ ಬರಹದಲ್ಲಿ ತರಿಸಿಕೊಳ್ಳಿ. ಪೊಲೀಸ್ ಕ್ಲಿಯರೆನ್ಸ್ ಕೇಳದೆ ಮಕ್ಕಳ ಮುಂದೆ ನಿಲ್ಲಿಸುವ ಸಂಸ್ಥೆಯ ಸಹವಾಸವೇ ಬೇಡ.

ಅಲ್ಲಿ ಎಡಗೈಯಲ್ಲಿ ಏನನ್ನೂ ಕೊಡಬಾರದು. ಅದನ್ನು ನಮಗೆ ಅಜ್ಜಿಯೇ ಕಲಿಸಿದ್ದಾರೆ, ತೊಂದರೆ ಇಲ್ಲ. ಎಡಗೈಯಲ್ಲಿ ಬರೆಯುವ ರೂಢಿ ಇರುವವರಿಗೆ ಮಾತ್ರ, ಚಾಕ್‌ಪೀಸ್ ಕೊಡುವಾಗ ಸ್ವಲ್ಪ ಕಷ್ಟ.

ಕೊನೆಗೆ ಹಳದಿ ಜ್ವರದ ಲಸಿಕೆ. ಹೊರಡುವುದಕ್ಕೆ ಹತ್ತು ದಿನ ಮೊದಲಾದರೂ ಹಾಕಿಸಿರಬೇಕು, ಆ ಕಾರ್ಡ್ ಇಲ್ಲದೆ ಘಾನಾ ಒಳಗೆ ಬಿಡುವುದಿಲ್ಲ. ವಾಪಸ್ ಬರುವಾಗ ನಮ್ಮ ಏರ್‌ಪೋರ್ಟಲ್ಲೂ ಕೇಳುತ್ತಾರೆ, ಇಲ್ಲದಿದ್ದರೆ ಕ್ವಾರಂಟೈನ್. ಲಸಿಕೆ ಎಲ್ಲಾ ಆಸ್ಪತ್ರೆಯಲ್ಲೂ ಸಿಗುವುದಿಲ್ಲ, ಗೊತ್ತುಮಾಡಿದ ಕೇಂದ್ರಗಳಲ್ಲಿ ಮಾತ್ರ. ಟಿಕೆಟ್ ಬುಕ್ ಮಾಡುವ ಮೊದಲೇ ಅಲ್ಲಿ ವಿಚಾರಿಸಿ. ಚೀಟಿಯಲ್ಲಿ ಇನ್ನೂ ಪ್ರಶ್ನೆಗಳಿವೆ, ಒಂದೊಂದಾಗಿ ತಗೊಳ್ಳೋಣ.