ಮಳೆನಾಡಿನ ಕಸದ ಗುಡ್ಡಕ್ಕೆ ಹೊದಿಕೆ: ನೀರಿನ ಲೆಕ್ಕ

ಎಲ್ಲರಿಗೂ ನಮಸ್ಕಾರ. ಹಳೆಯ ಕಸದ ಗುಡ್ಡವನ್ನು ಮುಚ್ಚುವುದೆಂದರೆ ಒಂದಿಷ್ಟು ಕೆಂಪು ಮಣ್ಣು ಸುರಿದು ಹುಲ್ಲು ಬೆಳೆಸುವುದಲ್ಲ. ಕೊಡಗಿನಲ್ಲಿ ಅದು ಮೊದಲಿಂದ ಕೊನೆಯವರೆಗೂ ನೀರಿನ ಲೆಕ್ಕ.

2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಹಳೆಯ ರಾಶಿಗೆ ಹೇಳಿದ ದಾರಿಗಳಲ್ಲಿ ಮೊದಲನೆಯದು ಬಯೋಮೈನಿಂಗ್, ಅಂದರೆ ಅಗೆದು, ಜರಡಿ ಹಿಡಿದು, ಬೇರ್ಪಡಿಸುವುದು. ಸಣ್ಣ ಪಟ್ಟಣಗಳ ರಾಶಿಗೆ ಅದೇ ಒಳ್ಳೆಯದು. ಅಗೆದರೆ ಇಳಿಜಾರೇ ಕುಸಿಯುವಂತಿದ್ದರೆ ಅಥವಾ ಉಳಿಕೆ ಕಸವನ್ನು ಅಲ್ಲೇ ಇಡಬೇಕಾಗಿ ಬಂದರೆ ಹೊದಿಕೆ ಬೇಕು.

2016ರ ಆ ನಿಯಮಗಳು ಹೇಳಿದಂತೆ ಹೊದಿಕೆಯಲ್ಲಿ ಕೆಳಗೆ 60 ಸೆಂ.ಮೀ. ಜೇಡಿಮಣ್ಣು, ಅದರಲ್ಲಿ ನೀರು ಇಳಿಯುವ ವೇಗ ಸೆಕೆಂಡಿಗೆ ಸೆಂ.ಮೀ.ನ ಕೋಟಿಯಲ್ಲೊಂದು ಪಾಲಿಗಿಂತ ಕಡಿಮೆ ಇರಬೇಕು. ನಡುವೆ 15 ಸೆಂ.ಮೀ. ನೀರು ಬಸಿಯುವ ಪದರ. ಮೇಲೆ 45 ಸೆಂ.ಮೀ. ಹುಲ್ಲು ಬೆಳೆಯುವ ಮಣ್ಣು. ನಮ್ಮ ಜಂಬಿಟ್ಟಿಗೆ ಮಣ್ಣನ್ನು ಹಾಗೇ ಹಾಕಿದರೆ ಜೇಡಿಯ ಕೆಲಸ ಮಾಡದು. ನೆನೆದರೆ ಉಬ್ಬುವ ಬೆಂಟೊನೈಟ್ ಜೇಡಿ ಬೆರೆಸಿ, ಪರೀಕ್ಷಿಸಿ, 15-20 ಸೆಂ.ಮೀ. ಪದರಗಳಲ್ಲಿ ದಮ್ಮಸ್ಸು ಮಾಡಬೇಕು. ಈ ಜೇಡಿಯ ಮೇಲೆ 1.5 ಮಿ.ಮೀ. ಜಿಯೋಮೆಂಬ್ರೇನ್, ಅಂದರೆ ನೀರು ಬಿಡದ ಪ್ಲಾಸ್ಟಿಕ್ ಹಾಳೆ, ಹಾಸಿದರೆ ಇನ್ನೂ ಭದ್ರ. ಇಳಿಜಾರಿಗೆ ತರಿತರಿ ಮೈಯದನ್ನೇ ಆರಿಸಿ, ನುಣುಪಿನದು ಬೇಡ.

ಎಡವುವುದು ನಡುವಿನ ಪದರದಲ್ಲಿ. ಮೇಲ್ಮಣ್ಣು ಸೆಕೆಂಡಿಗೆ ಸೆಂ.ಮೀ.ನ ಹತ್ತು ಸಾವಿರದಲ್ಲೊಂದು ಪಾಲು ನೀರು ಇಳಿಸುತ್ತದೆ ಎನ್ನೋಣ. ದಿನಕ್ಕೆ 86 ಮಿ.ಮೀ. ಆಯಿತು. ಕಕ್ಕಡದಲ್ಲಿ (ಜುಲೈ-ಆಗಸ್ಟ್) ಅಷ್ಟು ಮಳೆ ನಮಗೆ ಹೊಸದಲ್ಲ. ಕೆಳಗೆ 15 ಸೆಂ.ಮೀ. ಮರಳು, ಅದರ ವೇಗ ಸೆಕೆಂಡಿಗೆ 0.01 ಸೆಂ.ಮೀ.; ಇಳಿಜಾರು ಮೂರಕ್ಕೆ ಒಂದು, ಅಂದರೆ ಮೂರು ಮೀಟರ್ ಅಡ್ಡಕ್ಕೆ ಒಂದು ಮೀಟರ್ ಎತ್ತರ. ಲೆಕ್ಕ ಹಾಕಿ ನೋಡಿ: ಆ ಮರಳು ಇಳಿಜಾರಿನ ಐದು ಮೀಟರ್ ಉದ್ದದಲ್ಲಿ ಇಳಿದ ನೀರನ್ನಷ್ಟೇ ಸಾಗಿಸಬಲ್ಲದು. ಅದರಾಚೆ ನೀರು ಮೇಲ್ಮಣ್ಣಿಗೇ ಏರುತ್ತದೆ. ಪದರಗಳ ನಡುವಿನ ಘರ್ಷಣೆ ಕೋನ (ಒಂದರ ಮೇಲೊಂದು ಜಾರದೆ ನಿಲ್ಲಬಲ್ಲ ಗರಿಷ್ಠ ಇಳಿಜಾರು) 25 ಡಿಗ್ರಿ ಇದ್ದರೆ, ಒಣಗಿದ್ದಾಗ ಸುರಕ್ಷತಾ ಅಂಕ, ಅಂದರೆ ಜಾರಿಸುವ ಬಲಕ್ಕೆ ಹಿಡಿದಿಡುವ ಬಲ ಎಷ್ಟು ಪಟ್ಟು ಎಂಬುದು, 1.4. ಪೂರ್ತಿ ನೆನೆದು ನೀರು ಇಳಿಜಾರಿನುದ್ದಕ್ಕೂ ಹರಿಯತೊಡಗಿದರೆ ಅದೇ ಅಂಕ ಸುಮಾರು 0.7. ಒಂದಕ್ಕಿಂತ ಕೆಳಗಿಳಿದ ಮೇಲೆ ಹೊದಿಕೆ ನಿಲ್ಲುವುದಿಲ್ಲ, ಜಾರುತ್ತದೆ.

ಹಾಗಾಗಿ ಮರಳಿನ ಬದಲು ತೊಳೆದ 20 ಮಿ.ಮೀ. ಜಲ್ಲಿ ಹಾಕಿ. ಮಣ್ಣು ಸೇರದಂತೆ ಜಲ್ಲಿಯ ಮೇಲೊಂದು ಜಿಯೋಟೆಕ್ಸ್‌ಟೈಲ್ (ನೀರು ಬಿಟ್ಟು ಮಣ್ಣು ತಡೆಯುವ ಬಟ್ಟೆ), ಮೆಂಬ್ರೇನ್ ತೂತಾಗದಂತೆ ಕೆಳಗೊಂದು ದಪ್ಪದ್ದು. ಪ್ರತಿ 5 ಮೀ. ಎತ್ತರಕ್ಕೆ ಅಡ್ಡ ಮೆಟ್ಟಿಲು ಕಡಿದರೆ ಇಳಿಜಾರಿನ ಉದ್ದ 16 ಮೀಟರಿಗೆ ನಿಲ್ಲುತ್ತದೆ; ನೀರು ಅಲ್ಲೇ ಚರಂಡಿಗೆ ಬೀಳಲಿ. ಜಲ್ಲಿಯ ಹೊರಬಾಯಿಯನ್ನು ಮಣ್ಣಿನಿಂದ ಮುಚ್ಚಿಬಿಟ್ಟರೆ ಇಷ್ಟೆಲ್ಲ ಮಾಡಿಯೂ ಫಲವಿಲ್ಲ. ಈ ಮಳೆನೀರು ತೋಡಿಗೆ ಹೋಗಬಹುದು. ಬುಡದಲ್ಲಿ ಒಸರುವ ಕಸದ ರಸ ಮಾತ್ರ ಬೇರೆ ಕೊಳವೆಯಲ್ಲಿ, ಸೋರದ ತೊಟ್ಟಿಗೇ ಹೋಗಬೇಕು.

ಕಸ ಕೊಳೆತು ಹುಟ್ಟುವ ಅನಿಲಕ್ಕೆ ಜೇಡಿಯ ಕೆಳಗೆ ಜಲ್ಲಿ ಪದರ, ಅದರಿಂದ ಮೇಲೆದ್ದ ಕೊಳವೆಗಳು. ಇವಿಲ್ಲದಿದ್ದರೆ ಒತ್ತಡ ಮೆಂಬ್ರೇನನ್ನು ಕೆಳಗಿನಿಂದ ಎತ್ತಿ ಹಿಡಿತ ಸಡಿಲಿಸುತ್ತದೆ.

ಡಿಸೆಂಬರಿನಲ್ಲಿ ಕೆಲಸ ಶುರುಮಾಡಿ, ಕಾಫಿ ಅರಳಿಸುವ ಬೇಸಿಗೆಯ ಹೂಮಳೆಗೆ ಮೊದಲೇ ಜೇಡಿ ಮುಗಿಸಿ, ಜೂನ್ ಹೊತ್ತಿಗೆ ಹುಲ್ಲು ಹಿಡಿದಿರಲಿ. ಗರಿಕೆಯಂಥದ್ದು ಸಾಕು. ಸಿಲ್ವರ್ ಓಕ್ ಬೇಡ. ಲಾವಂಚವೂ ಬೇಡ: ಅದರ ಬೇರು ಎರಡು-ಮೂರು ಮೀಟರ್ ಇಳಿಯುತ್ತದೆ, ಹೊದಿಕೆಯ ಆಚೆಗಿನ ದರೆಗೆ ನೆಡಿ. ಮುಚ್ಚಿದ ಬಳಿಕ ಕನಿಷ್ಠ 15 ವರ್ಷ ನಿಗಾ ಇಡಬೇಕೆಂದು 2016ರ ನಿಯಮಗಳು ಹೇಳಿದ್ದವು. ಕಸ ಕೊಳೆತು ಕುಗ್ಗಿದಂತೆ ಮೇಲೆ ತಗ್ಗು ಬೀಳುತ್ತದೆ. ಪ್ರತಿ ಮಳೆಗಾಲ ಮುಗಿದೊಡನೆ ಎತ್ತರ ಅಳೆದು, ನೀರು ನಿಂತ ಜಾಗಕ್ಕೆ ಮಣ್ಣು ತುಂಬಿ, ಕೆಳಗಿನ ಬಾವಿಗಳ ನೀರನ್ನು ಪರೀಕ್ಷೆಗೆ ಕಳಿಸಿ.